ಐದು ಅಂಕದ ಅರ್ಜಿ

ದ್ವಿತೀಯ ಪಿಯುಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ ಎಂದು ಮಕ್ಕಳು ನಂಬಿರುತ್ತಾರೆ. ಯಾವುದೋ ದಿನಪತ್ರಿಕೆಯಲ್ಲಿ ಇಂಥ ತಾರೀಖಿನಂದು ಬಂದ ಜಾಹೀರಾತು ಎಂದು ಹೇಳಿ ನಾಲ್ಕೈದು ಸಾಲು ಕೊಟ್ಟಿರುತ್ತಾರೆ. ಯಾವ ಹುದ್ದೆ, ಏನು ಓದಿರಬೇಕು, ಎಷ್ಟು ಅನುಭವ, ಎಷ್ಟು ದಿನದೊಳಗೆ ಯಾರಿಗೆ ಬರೆಯಬೇಕು, ಇಷ್ಟೇ. ಈ ಜಾಹೀರಾತಿಗೆ ಉತ್ತರವಾಗಿ ಅರ್ಜಿ ಬರೆಯಿರಿ, ಹೆಸರಿನ ಜಾಗದಲ್ಲಿ ಎಕ್ಸ್‌ಎಕ್ಸ್‌ಎಕ್ಸ್, ವಿಳಾಸದ ಜಾಗದಲ್ಲಿ ವೈವೈವೈ ಎಂದು ಹಾಕಿರಿ ಎಂಬ ಸೂಚನೆ. ಐದು ಅಂಕ.

ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನನಗೆ ಇಡೀ ಪತ್ರಿಕೆಯಲ್ಲಿ ಈ ಪ್ರಶ್ನೆಯ ಮೇಲೆ ಇರುವಷ್ಟು ಪ್ರೀತಿ ಬೇರೆ ಯಾವುದರ ಮೇಲೂ ಇಲ್ಲ. ಪದ್ಯದ ಸಾರಾಂಶವನ್ನು ಪರೀಕ್ಷೆ ಮುಗಿದ ಮೇಲೆ ಮಕ್ಕಳು ಮತ್ತೆ ಬರೆಯುವ ಪ್ರಸಂಗ ಬರಲಿಕ್ಕಿಲ್ಲ. ಅರ್ಜಿಯನ್ನಂತೂ ಬರೆಯಲೇಬೇಕು. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯೊಬ್ಬಳು ತನ್ನ ಬಗ್ಗೆ ತಾನೇ, ಗುರುತಿಲ್ಲದ ಒಬ್ಬರಿಗೆ, ಇಂಗ್ಲಿಷಿನಲ್ಲಿ ಮಾತಾಡುವ ಮೊದಲ ಸಂದರ್ಭ ಇದು. ಅದಕ್ಕೇ ಮಕ್ಕಳು ಇದನ್ನು ಗೈಡಿನಿಂದ ಬಾಯಿಪಾಠ ಮಾಡಿಕೊಂಡು ಬಂದು ಕಕ್ಕಿದಾಗ ನನಗೆ ಸಂಕಟವಾಗುತ್ತದೆ.

ಮೌಲ್ಯಮಾಪನಕ್ಕೆ ಕೂತವರಿಗೆಲ್ಲ ಇದು ಗೊತ್ತು. ಕಟ್ಟು ಬಿಚ್ಚಿದರೆ ಒಂದರ ಹಿಂದೊಂದು ಅದೇ ಅರ್ಜಿ. ಹುದ್ದೆ ಗ್ರಂಥಪಾಲಕರದ್ದಾಗಲಿ, ಮಾರಾಟ ಪ್ರತಿನಿಧಿಯದ್ದಾಗಲಿ, ಎಲ್ಲರೂ ಶ್ರಮಜೀವಿಗಳು, ಎಲ್ಲರೂ ಪ್ರಾಮಾಣಿಕರು, ಎಲ್ಲರೂ ತಮ್ಮ ಮೇಲಧಿಕಾರಿಗಳಿಗೆ ಪೂರ್ಣ ತೃಪ್ತಿಯಾಗುವಂತೆ ದುಡಿಯುವವರು. ಜಾಹೀರಾತಿನಲ್ಲಿ ಬಿ.ಎಸ್ಸಿ. ಕೇಳಿದ್ದರೂ ಅರ್ಜಿದಾರರ ಪದವಿ ಬಿ.ಕಾಂ., ಯಾಕೆಂದರೆ ಗೈಡಿನಲ್ಲಿ ಹಾಗೇ ಇದೆ. ಜಾಹೀರಾತು ಬಂದ ಪತ್ರಿಕೆಯ ಹೆಸರೂ ಗೈಡಿನದ್ದೇ. ಪ್ರಶ್ನೆಯಲ್ಲಿ ಕೊಟ್ಟ ನಾಲ್ಕು ಸಾಲನ್ನು ಓದಿದ ಕುರುಹೇ ಇರುವುದಿಲ್ಲ.

ನಾನು ತರಗತಿಯಲ್ಲಿ ಮೊದಲು ಹೇಳುವುದು ಇಷ್ಟು: ಉತ್ತರ ಇರುವುದು ಜಾಹೀರಾತಿನಲ್ಲೇ. ಪೆನ್ಸಿಲ್ ತಗೊಂಡು ಅದರಲ್ಲಿ ಏನೇನು ಕೇಳಿದ್ದಾರೋ ಅದರ ಕೆಳಗೆಲ್ಲ ಗೆರೆ ಎಳೆಯಿರಿ. ಆ ಒಂದೊಂದು ಗೆರೆಗೂ ನಿಮ್ಮ ಪತ್ರದಲ್ಲಿ ಒಂದೊಂದು ಸಾಲು ಸಿಗಬೇಕು. ಕೇಳಿದ್ದಕ್ಕೆ ಉತ್ತರ ಸಿಕ್ಕರೆ ಓದುವವರು ಮುಂದೆ ಓದುತ್ತಾರೆ.

ಹೀಗೆ ಅಭ್ಯಾಸ ಮಾಡಿಸಲು ಒಂದು ಸಲ ನಾನೇ ಒಂದು ಜಾಹೀರಾತು ಕಟ್ಟಿ ಬೋರ್ಡಿನ ಮೇಲೆ ಬರೆದೆ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿಗೆ ಲೆಕ್ಕ ಸಹಾಯಕರು ಬೇಕಾಗಿದ್ದಾರೆ. ಬಿ.ಕಾಂ. ಆಗಿರಬೇಕು, ಟ್ಯಾಲಿ ಬರಬೇಕು, ಕನ್ನಡ ಮತ್ತು ಇಂಗ್ಲಿಷ್ ಗೊತ್ತಿರಬೇಕು, ತೆಲುಗು ಅಥವಾ ಹಿಂದಿ ಬಂದರೆ ಆದ್ಯತೆ. ಕನಿಷ್ಠ ಒಂದು ವರ್ಷದ ಅನುಭವ. ಜಾಹೀರಾತಿನ ತಾರೀಖು ಮಾರ್ಚ್ 2, 2025. ಹತ್ತು ದಿನದೊಳಗೆ ವ್ಯವಸ್ಥಾಪಕರಿಗೆ ಬರೆಯಬೇಕು. ಬ್ಯಾಡಗಿಯೆಂದರೆ ನಮ್ಮ ಮಕ್ಕಳಿಗೆ ದೂರದ ಊರಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಿ ಅರ್ಧ ತರಗತಿಯ ಮನೆಯವರು ಚೀಲ ಹೇರಿಕೊಂಡು ಅಲ್ಲಿಗೇ ಹೋಗಿರುತ್ತಾರೆ. ಆಂಧ್ರದ ಕಡೆಯಿಂದಲೂ ಅಲ್ಲಿಗೆ ಮಾಲು ಬರುತ್ತದೆ. ತೆಲುಗು ಯಾಕೆ ಕೇಳಿದ್ದಾರೆ ಎಂದು ನಾನು ವಿವರಿಸಬೇಕಾಗಲಿಲ್ಲ, ಹುಡುಗರೇ ಹೇಳಿದರು.

ಒಬ್ಬ ಹುಡುಗಿ ಕೈಯೆತ್ತಿದಳು. "ಮೇಡಂ, ನಮ್ಗ ಎಲ್ಲಿ ಡಿಗ್ರಿ ಐತ್ರಿ? ಹೆಂಗ ಬರಿಯೂದು?"

ನ್ಯಾಯವಾದ ಪ್ರಶ್ನೆ. ಹದಿನೆಂಟು ತುಂಬುತ್ತಿರುವವರು ಇಪ್ಪತ್ತೆರಡರವರಾಗಿ ಬರೆಯಬೇಕು. ಪರೀಕ್ಷೆಯಲ್ಲಿ ಇದಕ್ಕೆ ಒಪ್ಪಿಗೆ ಇದೆ, ಜಾಹೀರಾತು ಕೇಳಿದ ಪದವಿ ನಿಮಗಿದೆ ಎಂದು ಊಹಿಸಿಕೊಂಡೇ ಬರೆಯಬೇಕು. ಆದರೆ ಆ ಊಹೆ ಲೆಕ್ಕಕ್ಕೆ ಕೂಡಬೇಕು. ಹುಟ್ಟಿದ್ದು 2006 ಎಂದು ತಮ್ಮ ನಿಜವಾದ ವರ್ಷ ಬರೆದು, ಬಿ.ಕಾಂ. ಮುಗಿಸಿದ್ದು 2022 ಎಂದು ಬರೆಯುವವರು ಬಹಳ. ಹದಿನಾರು ವರ್ಷಕ್ಕೆ ಪದವಿ! ಆದ್ದರಿಂದ ಪತ್ರದ ತಾರೀಖಿನಿಂದ ಹಿಂದಕ್ಕೆ ಎಣಿಸಿಕೊಳ್ಳಲು ಹೇಳಿಕೊಡುತ್ತೇನೆ. ಪತ್ರ ಬರೆಯುತ್ತಿರುವುದು 2025ರ ಮಾರ್ಚಿನಲ್ಲಿ, ಒಂದು ವರ್ಷದ ಅನುಭವ ಬೇಕು. ಹಾಗಾದರೆ ಪದವಿ 2023ಕ್ಕೆ ಮುಗಿದಿರಲಿ. ಪಿಯುಸಿ 2020, ಎಸ್ಸೆಸ್ಸೆಲ್ಸಿ 2018, ಹುಟ್ಟಿದ್ದು 2002. ಈ ನಾಲ್ಕು ವರ್ಷಗಳನ್ನು ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ಗುರುತು ಹಾಕಿಕೊಂಡು ಶುರು ಮಾಡಿದರೆ ಮುಂದೆ ಎಡವುವುದಿಲ್ಲ. ಪತ್ರದ ಮೇಲಿನ ತಾರೀಖೂ ಹಾಗೆಯೇ. ಜಾಹೀರಾತು ಮಾರ್ಚ್ 2ರದ್ದು, ಗಡುವು ಹತ್ತು ದಿನ. ಪತ್ರದ ತಾರೀಖು ಆ ಹತ್ತು ದಿನದ ಒಳಗೇ ಇರಬೇಕು. ಪರೀಕ್ಷೆಯ ದಿನದ ತಾರೀಖನ್ನೇ ಬರೆದು ಗಡುವು ಮೀರಿದವರನ್ನೂ, ಜಾಹೀರಾತು ಬರುವ ಮೊದಲೇ ಅರ್ಜಿ ಹಾಕಿದವರನ್ನೂ ನೋಡಿದ್ದೇನೆ. ಇದು ಇಂಗ್ಲಿಷ್ ಬಾರದ್ದರಿಂದ ಆಗುವ ತಪ್ಪಲ್ಲ, ಪತ್ರವನ್ನು ನಿಜವೆಂದು ನಂಬದೆ ಬರೆಯುವುದರಿಂದ ಆಗುವುದು.

ಇನ್ನು ನಮೂನೆ. ಎಡಗಡೆ ಮೇಲೆ ಕಳಿಸುವವರ ವಿಳಾಸ, ಅದರ ಕೆಳಗೆ ತಾರೀಖು, ಆಮೇಲೆ ಯಾರಿಗೆ ಎಂಬುದು, ವಿಷಯ, ಉಲ್ಲೇಖ, ಸಂಬೋಧನೆ, ಮೂರು ಪ್ಯಾರಾ, ಮುಕ್ತಾಯ, ಸಹಿ. ಕೆಳಗೆ ಸ್ವವಿವರ. ಯಾರಿಗೆ ಎಂಬಲ್ಲಿ ಜಾಹೀರಾತಿನಲ್ಲಿ ಕೊಟ್ಟಿರುವ ಹುದ್ದೆ ಮತ್ತು ವಿಳಾಸವನ್ನು ಅಕ್ಷರ ಬಿಡದೆ ಇಳಿಸಬೇಕು. ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು ಇರಲೇಬೇಕು, ಬರೀ 'ಜಾಬ್ ಅಪ್ಲಿಕೇಶನ್' ಎಂದರೆ ಯಾವ ಕೆಲಸಕ್ಕೆ ಎಂದು ತಿಳಿಯುವುದಿಲ್ಲ. 'ಡಿಯರ್ ಸರ್' ಅಥವಾ 'ಡಿಯರ್ ಸರ್/ಮೇಡಂ' ಎಂದು ಶುರು ಮಾಡಿದರೆ 'ಯುವರ್ಸ್ ಫೇತ್‌ಫುಲಿ' ಎಂದು ಮುಗಿಸಬೇಕು. ವ್ಯಕ್ತಿಯ ಹೆಸರು ಹಿಡಿದು ಸಂಬೋಧಿಸಿದ್ದರೆ ಮಾತ್ರ 'ಯುವರ್ಸ್ ಸಿನ್ಸಿಯರ್ಲಿ'. 'ಯುವರ್ಸ್' ಎಂಬುದರಲ್ಲಿ ಎಸ್ ಅಕ್ಷರಕ್ಕೆ ಮುಂಚೆ ಅಪಾಸ್ಟ್ರಫಿ ಹಾಕಬಾರದು. ಇವಿಷ್ಟನ್ನು ಒಂದು ಪಿರಿಯಡ್‌ನಲ್ಲಿ ಕಲಿಸಿ ಮುಗಿಸಬಹುದು, ಮುಗಿಸುತ್ತೇನೆ.

ಎಕ್ಸ್‌ಎಕ್ಸ್‌ಎಕ್ಸ್ ಮತ್ತು ವೈವೈವೈ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಉತ್ತರಪತ್ರಿಕೆಯಲ್ಲಿ ವಿದ್ಯಾರ್ಥಿಯ ಗುರುತು ಬಿಟ್ಟುಕೊಡುವಂತಿಲ್ಲ. ಸಹಿಯ ಜಾಗದಲ್ಲೂ, ಸ್ವವಿವರದ ಹೆಸರಿನ ಮುಂದೆಯೂ, ಮೊಬೈಲ್ ನಂಬರಿನ ಜಾಗದಲ್ಲೂ ಇದೇ ನಿಯಮ. ಮೇಲೆ ಎಕ್ಸ್‌ಎಕ್ಸ್‌ಎಕ್ಸ್ ಎಂದು ಶಿಸ್ತಾಗಿ ಬರೆದು, ಕೆಳಗೆ ಅಭ್ಯಾಸಬಲದಿಂದ ತಮ್ಮ ಸಹಿಯನ್ನೇ ಹಾಕಿಬಿಡುವ ಮಕ್ಕಳಿರುತ್ತಾರೆ.

ನಮೂನೆ ಕಲಿತ ಮೇಲೂ ಪತ್ರ ಬರುವುದಿಲ್ಲ ಎಂಬುದೇ ನನ್ನ ಅನುಭವ. ಆ ಕೋಲ್ಡ್ ಸ್ಟೋರೇಜಿನ ಜಾಹೀರಾತಿಗೆ ಬಂದ ಉತ್ತರಗಳನ್ನು ತಿದ್ದಲು ಕೂತಾಗ ಒಂದು ಹಾಳೆಯ ನಡುವಿನ ಪ್ಯಾರಾ ಹೀಗಿತ್ತು: 'ಐ ಆಮ್ ಫ್ರಮ್ ಎ ಪೂರ್ ಫ್ಯಾಮಿಲಿ. ಮೈ ಫಾದರ್ ಈಸ್ ಎ ಫಾರ್ಮರ್. ಕೈಂಡ್ಲಿ ಗಿವ್ ಮಿ ದಿಸ್ ಜಾಬ್.' ಕೈಯೆತ್ತಿ ಡಿಗ್ರಿಯ ಬಗ್ಗೆ ಕೇಳಿದ ಹುಡುಗಿಯದ್ದೇ ಆ ಹಾಳೆ. ಅಕ್ಷರ ಚಂದ, ಕಾಗುಣಿತ ಸರಿ, ಒಂದು ವಾಕ್ಯದಲ್ಲೂ ವ್ಯಾಕರಣದ ದೋಷ ಇಲ್ಲ.

ಅವಳನ್ನು ಸ್ಟಾಫ್ ರೂಮಿಗೆ ಕರೆದು ಕೇಳಿದೆ, "ಅಪ್ಪ ಏನು ಬೆಳೀತಾರವ್ವ?"

"ಮೆಣಸಿನಕಾಯಿ ರೀ ಮೇಡಂ."

"ಮಾರೂದು ಎಲ್ಲಿ?"

"ಬ್ಯಾಡಗಿಗೇ ರೀ. ತೂಕದ ಚೀಟಿ, ದಲಾಲಿ ಅಂಗಡಿ ಪಟ್ಟಿ ಎಲ್ಲಾ ನಾನ ನೋಡ್ತೀನ್ರಿ. ಅಪ್ಪಗ ಓದಾಕ ಬರೂದಿಲ್ಲ. ಹೋದ ವರ್ಷ ಹಮಾಲಿ ಎರಡು ಸಲ ಹಿಡಿದಿದ್ರು, ನಾನ ತಗದು ತೋರ್ಸಿದ್ನಿ."

ನೋಡಿ, ಮೆಣಸಿನಕಾಯಿ ವ್ಯಾಪಾರಕ್ಕೆ ಸಂಬಂಧಪಟ್ಟ ಸಂಸ್ಥೆಯೊಂದು ಲೆಕ್ಕ ನೋಡುವವರು ಬೇಕು ಎನ್ನುತ್ತಿದೆ. ತೂಕ, ದರ, ಹಮಾಲಿ, ದಲಾಲಿ, ಕಳೆದು ಉಳಿದ ಮೊತ್ತ ಎಲ್ಲವನ್ನೂ ಮನೆಯ ಪರವಾಗಿ ತಾಳೆ ನೋಡಿ ತಪ್ಪು ಹಿಡಿದ ಹುಡುಗಿ ಆ ಕೆಲಸ ಕೇಳುತ್ತಿದ್ದಾಳೆ. ಆದರೆ ಪತ್ರದಲ್ಲಿ ಆಕೆ ಬರೆದದ್ದು ತಾನು ಬಡವರ ಮನೆಯವಳು ಎಂದು. ಅಪ್ಪ ರೈತ ಎಂಬ ಒಂದೇ ಸಂಗತಿಯನ್ನು ಆಕೆ ಕನಿಕರ ಹುಟ್ಟಿಸಲು ಬಳಸಿದ್ದಳು. ಅದೇ ಸಂಗತಿ ಆಕೆಯ ಯೋಗ್ಯತೆಯಾಗಿತ್ತು. ಪಟ್ಟಿಯಲ್ಲಿ ಏನೇನು ಕಾಲಂ ಇರುತ್ತದೆ ಎಂದು ಕೇಳಿದೆ, ಪಟಪಟನೆ ಹೇಳಿದಳು. ಅದನ್ನೇ ಇಂಗ್ಲಿಷಿನಲ್ಲಿ ಬರೆದುಕೊಂಡು ಬಾ ಎಂದು ಕಳಿಸಿದೆ. ಮರುದಿನ ತಂದ ಸಾಲು ಇದು: 'ಮೈ ಫ್ಯಾಮಿಲಿ ಸೆಲ್ಸ್ ಚಿಲ್ಲೀಸ್ ಅಟ್ ದ ಮಾರ್ಕೆಟ್ ಎವ್ರಿ ಇಯರ್, ಅಂಡ್ ಐ ಚೆಕ್ ದ ವೇಯ್ಟ್ ಸ್ಲಿಪ್ಸ್ ಅಂಡ್ ದ ಏಜೆಂಟ್ಸ್ ಬಿಲ್.' ಇಷ್ಟು ಸರಳ ಇಂಗ್ಲಿಷ್ ಸಾಕು. ಪರೀಕ್ಷೆಯಲ್ಲಿ ಊರಿನ ಹೆಸರು ಬೇಡ ಎಂದು ಮಾರುಕಟ್ಟೆಯ ಹೆಸರನ್ನು ಅವಳೇ ಬಿಟ್ಟಿದ್ದಳು.

ಬೇಡಿಕೊಳ್ಳುವ ಧಾಟಿ ನಮ್ಮ ಮಕ್ಕಳಿಗೆ ಎಲ್ಲಿಂದ ಬರುತ್ತದೆ ಎಂದು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಮನೆಯಲ್ಲಿ ಅರ್ಜಿ ಎಂದರೆ ಅವರು ಕಂಡದ್ದು ತಾಲ್ಲೂಕು ಕಚೇರಿಗೆ, ಪಂಚಾಯಿತಿಗೆ, ಬ್ಯಾಂಕಿಗೆ ಕೊಟ್ಟ ಅರ್ಜಿ. ಕಚೇರಿಯ ಎದುರು ಕೂತ ಅರ್ಜಿ ಬರೆಯುವವರು 'ತಮ್ಮಲ್ಲಿ ಸವಿನಯವಾಗಿ ಬೇಡಿಕೊಳ್ಳುವುದೇನೆಂದರೆ' ಎಂದು ಶುರು ಮಾಡಿ, 'ನಾನು ಬಡ ರೈತನಾಗಿದ್ದು' ಎಂದು ಮುಂದುವರಿಸುತ್ತಾರೆ. ಮಾಸಾಶನಕ್ಕೋ ಪರಿಹಾರಕ್ಕೋ ಬರೆಯುವಾಗ ಬಡತನ ಹೇಳಲೇಬೇಕು, ಅಲ್ಲಿ ಅದೇ ಅರ್ಹತೆ. ಕೆಲಸಕ್ಕೆ ಬರೆಯುವಾಗ ಅದು ಓದುವವರಿಗೆ ಏನನ್ನೂ ತಿಳಿಸುವುದಿಲ್ಲ. ಅವರಿಗೆ ಒಬ್ಬ ಕೆಲಸಗಾರರ ಕೊರತೆ ಇದೆ, ಆ ಕೊರತೆ ತುಂಬುವವರನ್ನು ಹುಡುಕುತ್ತಿದ್ದಾರೆ. ಈ ಮಾತು ಒಮ್ಮೆ ಮನಸ್ಸಿಗೆ ಇಳಿದರೆ ಪತ್ರದ ಬೆನ್ನು ನೆಟ್ಟಗಾಗುತ್ತದೆ.

ಈ ವಿಷಯ ಹೇಳುವಾಗ ನಾನು ಪ್ರತಿ ಬ್ಯಾಚಿಗೂ ಒಂದು ನಿಜವಾದ ಅರ್ಜಿಯ ಕತೆ ಹೇಳುತ್ತೇನೆ. 1912ರ ಫೆಬ್ರುವರಿ 9ರಂದು ಮದ್ರಾಸಿನ ಟ್ರಿಪ್ಲಿಕೇನಿನಿಂದ ಒಬ್ಬ ಯುವಕ ಮದ್ರಾಸ್ ಪೋರ್ಟ್ ಟ್ರಸ್ಟಿನ ಮುಖ್ಯ ಲೆಕ್ಕಾಧಿಕಾರಿಗೆ ಗುಮಾಸ್ತೆಯ ಕೆಲಸ ಕೇಳಿ ಬರೆದ. ವಯಸ್ಸು ಇಪ್ಪತ್ತನಾಲ್ಕು. ಹೆಸರು ಶ್ರೀನಿವಾಸ ರಾಮಾನುಜನ್.

ಆಗ ಅವರ ಸ್ಥಿತಿ ನಮ್ಮ ಎಷ್ಟೋ ಮಕ್ಕಳಿಗಿಂತ ಕಷ್ಟದ್ದು. ಕಾಲೇಜಿನಲ್ಲಿ ಗಣಿತ ಬಿಟ್ಟರೆ ಬೇರೆ ವಿಷಯಗಳತ್ತ ಗಮನ ಹೋಗಲಿಲ್ಲ, ಎಫ್.ಎ. ಪರೀಕ್ಷೆ ಪಾಸಾಗಲಿಲ್ಲ. ಅಂದರೆ ಇವತ್ತಿನ ಲೆಕ್ಕದಲ್ಲಿ ಪಿಯುಸಿ ಫೇಲು. ಮದುವೆಯಾಗಿತ್ತು, ಕೈಯಲ್ಲಿ ಕೆಲಸ ಇರಲಿಲ್ಲ. ಆ ಅರ್ಜಿ ಕೆಲವೇ ವಾಕ್ಯಗಳದ್ದು. ನಿಮ್ಮ ಕಚೇರಿಯಲ್ಲಿ ಗುಮಾಸ್ತೆಯ ಜಾಗ ಖಾಲಿ ಇದೆ ಎಂದು ತಿಳಿಯಿತು, ಅದಕ್ಕೆ ಅರ್ಜಿ ಹಾಕುತ್ತಿದ್ದೇನೆ ಎಂದು ಮೊದಲು. ಮೆಟ್ರಿಕ್ಯುಲೇಶನ್ ಪಾಸಾಗಿದ್ದೇನೆ, ಎಫ್.ಎ. ತನಕ ಓದಿದ್ದೇನೆ, ಪ್ರತಿಕೂಲ ಸಂದರ್ಭಗಳಿಂದಾಗಿ ಮುಂದೆ ಓದಲಾಗಲಿಲ್ಲ ಎಂದು ಆಮೇಲೆ. ಆ ನಡುವೆ ನನ್ನ ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟು ಅದನ್ನು ಬೆಳೆಸುತ್ತಿದ್ದೇನೆ ಎಂದು ಅದರ ಹಿಂದೆಯೇ. ನೇಮಿಸಿದರೆ ಕೆಲಸಕ್ಕೆ ನ್ಯಾಯ ಸಲ್ಲಿಸುವ ವಿಶ್ವಾಸ ನನಗಿದೆ ಎಂದು ಹೇಳಿ, ಹುದ್ದೆ ಕೊಡಬೇಕೆಂದು ಕೇಳಿ ಮುಗಿಸಿದರು.

ಇದನ್ನು ತರಗತಿಯಲ್ಲಿ ಬಿಡಿಸಿ ನೋಡುತ್ತೇವೆ. ಯಾವ ಹುದ್ದೆ ಎಂಬುದು ಮೊದಲ ವಾಕ್ಯದಲ್ಲೇ ಬಂತು. ಓದು ಎಲ್ಲಿಗೆ ನಿಂತಿದೆ ಎಂಬುದನ್ನು ಮುಚ್ಚಿಡಲಿಲ್ಲ. ಹಾಗೆಂದು ಅದನ್ನೇ ಹಿಡಿದುಕೊಂಡು ಅಳಲೂ ಇಲ್ಲ, ಅರ್ಧ ವಾಕ್ಯದಲ್ಲಿ ಮುಗಿಸಿದರು. ಓದು ನಿಂತ ಮೇಲೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಓದುವವರ ಮನಸ್ಸಿನಲ್ಲಿ ಏಳುವ ಮೊದಲೇ ಉತ್ತರ ಸಿದ್ಧ ಇತ್ತು. ಹೆಂಡತಿ ಇದ್ದಾಳೆ, ಮನೆಯಲ್ಲಿ ಕಷ್ಟ ಇದೆ ಎಂಬ ಒಂದು ಅಕ್ಷರವೂ ಇಲ್ಲ. ಅಂದಿನ ಕಾಲದ ಇಂಗ್ಲಿಷ್ ಆದ್ದರಿಂದ 'ಐ ಬೆಗ್' ಎಂಬ ಮಾತು ಅದರಲ್ಲೂ ಇದೆ. ಬ್ರಿಟಿಷರ ಕಾಲದ ಕಚೇರಿ ಪತ್ರಗಳಲ್ಲಿ ಅದು ವಾಡಿಕೆಯ ಮರ್ಯಾದೆ. ನಾವು ಇವತ್ತು ಅದನ್ನು ಬಿಡಬೇಕು, 'ಐ ವಿಷ್ ಟು ಅಪ್ಲೈ' ಎಂದರೆ ಸಾಕು. ಉಳಿದದ್ದನ್ನು ಅವರಿಂದ ಕಲಿಯಬಹುದು.

ಅರ್ಜಿಯ ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಇ.ಡಬ್ಲ್ಯು. ಮಿಡಲ್‌ಮಾಸ್ಟ್ ಅವರ ಶಿಫಾರಸು ಪತ್ರವೂ ಇತ್ತು. ಈತನಿಗೆ ಗಣಿತದಲ್ಲಿ ಅಸಾಧಾರಣ ಸಾಮರ್ಥ್ಯ ಇದೆ, ವಿಶೇಷವಾಗಿ ಸಂಖ್ಯೆಗಳ ಕೆಲಸದಲ್ಲಿ ಎಂಬ ಅರ್ಥದ ಮಾತು ಅದರಲ್ಲಿತ್ತು. ಲೆಕ್ಕದ ಕಚೇರಿಯ ಕೆಲಸಕ್ಕೆ ಇದಕ್ಕಿಂತ ಹೊಂದುವ ಶಿಫಾರಸು ಬೇಕೇ? ಸ್ವವಿವರದ ಕೊನೆಗೆ 'ರೆಫರೆನ್ಸ್' ಎಂದು ಇಬ್ಬರ ಹೆಸರು ಕೇಳುವುದು ಇದಕ್ಕೇ, ನಮ್ಮ ಕೆಲಸ ಕಂಡವರು ಯಾರು ಎಂದು ತಿಳಿಯಲು. 1912ರ ಮಾರ್ಚ್ 1ರಂದು ರಾಮಾನುಜನ್ ಕೆಲಸಕ್ಕೆ ಸೇರಿದರು, ತಿಂಗಳಿಗೆ 30 ರೂಪಾಯಿ ಸಂಬಳ. ಮರುವರ್ಷ ಜನವರಿ 16ರಂದು ಕೇಂಬ್ರಿಜ್‌ನ ಗಣಿತಜ್ಞ ಜಿ.ಎಚ್. ಹಾರ್ಡಿ ಅವರಿಗೆ ಬರೆದ ಪ್ರಸಿದ್ಧ ಪತ್ರದ ಮೊದಲ ಸಾಲಿನಲ್ಲೇ ತಾನು ಮದ್ರಾಸ್ ಪೋರ್ಟ್ ಟ್ರಸ್ಟ್ ಕಚೇರಿಯ ಲೆಕ್ಕ ವಿಭಾಗದಲ್ಲಿ ಗುಮಾಸ್ತೆ ಎಂದು ಪರಿಚಯಿಸಿಕೊಂಡರು. ಆ ಪತ್ರದಲ್ಲೂ ಮೊದಲು ತಾನು ಯಾರು, ಏನು ಓದಿದ್ದೇನೆ, ಏನು ಓದಿಲ್ಲ ಎಂಬುದು, ಅದರ ಹಿಂದೆ ಪುಟಗಟ್ಟಲೆ ಮಾಡಿದ ಕೆಲಸ. ಎಫ್.ಎ. ಪಾಸಾಗದವರು ಬರೆದ ಎರಡು ಪತ್ರಗಳು ಇವು. ಇದನ್ನು ಕೇಳುವಾಗ ಹಿಂದಿನ ಬೆಂಚಿನ ಹುಡುಗರು ಕತ್ತೆತ್ತಿ ಕೂರುತ್ತಾರೆ. ಅದಕ್ಕಾಗಿಯೇ ಈ ಕತೆಯನ್ನು ನಾನು ಯಾವ ವರ್ಷವೂ ಬಿಡುವುದಿಲ್ಲ.

ಮತ್ತೆ ನಮ್ಮ ಪತ್ರಕ್ಕೆ ಬರೋಣ. ಮೂರು ಪ್ಯಾರಾ ಸಾಕು. ಮೊದಲನೆಯದರಲ್ಲಿ ಜಾಹೀರಾತನ್ನು ಎಲ್ಲಿ, ಯಾವಾಗ ನೋಡಿದೆ, ಯಾವ ಹುದ್ದೆಗೆ ಬರೆಯುತ್ತಿದ್ದೇನೆ ಎಂಬುದು. ಎರಡನೆಯದೇ ಪತ್ರದ ಜೀವ. ಅಲ್ಲಿ ಗೆರೆ ಎಳೆದ ಒಂದೊಂದಕ್ಕೂ ಉತ್ತರ: ಪದವಿ, ಟ್ಯಾಲಿ, ಭಾಷೆ, ಅನುಭವ. 'ಐ ಆಮ್ ಹಾರ್ಡ್‌ವರ್ಕಿಂಗ್' ಎಂದು ಬರೆದರೆ ಯಾರೂ ನಂಬುವುದಿಲ್ಲ, ಅದನ್ನು ತೋರಿಸುವ ಒಂದು ಕೆಲಸ ಬರೆಯಬೇಕು. ಅಂಗಡಿಯೊಂದರಲ್ಲಿ ಪ್ರತಿದಿನದ ಮಾರಾಟವನ್ನು ಟ್ಯಾಲಿಯಲ್ಲಿ ದಾಖಲಿಸುತ್ತಿದ್ದೇನೆ, ತಿಂಗಳ ಕೊನೆಗೆ ಬ್ಯಾಂಕ್ ಲೆಕ್ಕದ ಜೊತೆ ತಾಳೆ ಹಾಕುತ್ತೇನೆ ಎಂದು ಬರೆದರೆ ಶ್ರಮ, ಪ್ರಾಮಾಣಿಕತೆ ಎರಡೂ ಅದರಲ್ಲೇ ಬಂದವು. ಮೂರನೆಯದು ಚಿಕ್ಕದು. ಸಂದರ್ಶನಕ್ಕೆ ಯಾವಾಗ ಕರೆದರೂ ಬರುತ್ತೇನೆ, ಸ್ವವಿವರ ಲಗತ್ತಿಸಿದ್ದೇನೆ ಎಂದರೆ ಮುಗಿಯಿತು. ಪ್ಯಾರಾ ಮುಗಿದ ಮೇಲೆ 'ಥ್ಯಾಂಕಿಂಗ್ ಯು' ಹಾಕಬೇಕೆ ಎಂದು ಮಕ್ಕಳು ತಲೆ ಕೆಡಿಸಿಕೊಳ್ಳುತ್ತಾರೆ. ಹಾಕಿದರೆ ನಷ್ಟವಿಲ್ಲ, ಅದಕ್ಕೆ ಸಮಯ ಕಳೆಯುವಷ್ಟು ಲಾಭವೂ ಇಲ್ಲ.

ಭಾಷೆಯಲ್ಲಿ ನಮ್ಮ ಕಡೆಯ ಮಕ್ಕಳು ಪದೇ ಪದೇ ಮಾಡುವ ತಪ್ಪು ಎರಡು. ಅನುಭವ ಇದೆ ಎನ್ನಲು 'ಐ ಆಮ್ ಹ್ಯಾವಿಂಗ್' ಎನ್ನುತ್ತಾರೆ, 'ಐ ಹ್ಯಾವ್' ಎನ್ನಬೇಕು. ಇಂಥ ವರ್ಷ ಪದವಿ ಮುಗಿಸಿದೆ ಎನ್ನಲು 'ಐ ಹ್ಯಾವ್ ಕಂಪ್ಲೀಟೆಡ್ ಇನ್ 2023' ಎಂದು ಬರೆಯುತ್ತಾರೆ. ವರ್ಷ ಹೇಳಿದ ಮೇಲೆ ಬರೀ 'ಐ ಕಂಪ್ಲೀಟೆಡ್' ಸಾಕು. ಈಗಲೂ ಮಾಡುತ್ತಿರುವ ಕೆಲಸಕ್ಕೆ 'ಐ ಹ್ಯಾವ್ ಬೀನ್ ವರ್ಕಿಂಗ್ ಸಿನ್ಸ್ ಜುಲೈ 2023'. ಈ ಮೂರು ವಾಕ್ಯ ಸರಿಯಾಗಿ ಬಂದರೆ ಅರ್ಜಿಯ ಮುಕ್ಕಾಲು ವ್ಯಾಕರಣ ಸರಿಯಾಯಿತು. ದೊಡ್ಡ ದೊಡ್ಡ ಪದಗಳ ಹಿಂದೆ ಬೀಳಬೇಡಿ. ತನಗೇ ಅರ್ಥವಾಗದ ಪದ ಬರೆದವರನ್ನು ಸಂದರ್ಶನದಲ್ಲಿ ಅದೇ ಪದದ ಬಗ್ಗೆ ಕೇಳಿದರೆ ಗತಿಯೇನು?

ಸ್ವವಿವರದ ಬಗ್ಗೆ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಸರ್ಕಾರಿ ಅರ್ಜಿ ನಮೂನೆಗಳನ್ನು ತುಂಬಿ ತುಂಬಿ ನಮ್ಮ ಮಕ್ಕಳು ತಂದೆಯ ಹೆಸರು, ಜಾತಿ, ಧರ್ಮ, ವೈವಾಹಿಕ ಸ್ಥಿತಿ, ಎತ್ತರ, ತೂಕ ಎಲ್ಲವನ್ನೂ ಬರೆದಿಡುತ್ತಾರೆ. ಮೀಸಲಾತಿ ಇರುವ ನೇಮಕಾತಿಯಲ್ಲಿ ಜಾತಿಯ ಕಾಲಂ ಬೇಕು, ಅದು ಅವರ ಹಕ್ಕು, ಅಲ್ಲಿ ಬರೆಯಲೇಬೇಕು. ಖಾಸಗಿ ಕಂಪನಿಯ ಲೆಕ್ಕ ಸಹಾಯಕರ ಹುದ್ದೆಗೆ ಅದರ ಅಗತ್ಯ ಇಲ್ಲ. ಹೆಣ್ಣುಮಕ್ಕಳು ಮದುವೆಯಾಗಿದೆಯೋ ಇಲ್ಲವೋ ಎಂದು ಯಾರೂ ಕೇಳದೆ ಹೇಳಬೇಕಾಗಿಲ್ಲ. ಆ ಜಾಗದಲ್ಲಿ ಕಂಪ್ಯೂಟರ್ ಕೋರ್ಸು, ಗೊತ್ತಿರುವ ಭಾಷೆಗಳು, ಅವುಗಳಲ್ಲಿ ಓದಲು ಬರೆಯಲು ಬರುವುದು ಯಾವುದು, ಮಾತಾಡಲು ಮಾತ್ರ ಬರುವುದು ಯಾವುದು ಎಂದು ಬಿಡಿಸಿ ಬರೆದರೆ ಒಳ್ಳೆಯದು. ವಿದ್ಯಾಭ್ಯಾಸದ ಕೋಷ್ಟಕದಲ್ಲಿ ಇತ್ತೀಚಿನದು ಮೇಲೆ ಬರಲಿ. ಕೊನೆಗೆ ಮೇಲಿನ ವಿವರ ಸತ್ಯ ಎಂಬ ಒಂದು ವಾಕ್ಯ, ಸ್ಥಳ, ತಾರೀಖು.

ಸಿಬಿಎಸ್‌ಇ ಶಾಲೆಗಳಲ್ಲಿ ಓದುವ ಹನ್ನೆರಡನೇ ತರಗತಿಯವರಿಗೂ ಇದೇ ಪ್ರಶ್ನೆ ಬರುತ್ತದೆ. ಅಲ್ಲಿ 120ರಿಂದ 150 ಪದಗಳ ಮಿತಿ ಇದೆ, ಅದಕ್ಕೂ ಐದೇ ಅಂಕ. ಆ ಐದನ್ನು ಹಂಚುವ ಕ್ರಮ ನೋಡಬೇಕು: ನಮೂನೆಗೆ 1, ವಿಚಾರದ ಜೋಡಣೆಗೆ 1, ವಿಷಯಕ್ಕೆ 2, ಕಾಗುಣಿತ ಮತ್ತು ವ್ಯಾಕರಣಕ್ಕೆ 1. ಮಕ್ಕಳೂ ಟ್ಯೂಷನ್ನಿನವರೂ ಹಗಲೂ ರಾತ್ರಿ ತಿಕ್ಕುವ ನಮೂನೆಗೆ ಸಿಗುವುದು ಒಂದೇ ಒಂದು ಅಂಕ. ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ವಲಸೆ ಹೋಗಬೇಕೆನ್ನುವವರು ಬರೆಯುವ ಐಇಎಲ್‌ಟಿಎಸ್ ಜನರಲ್ ಟ್ರೇನಿಂಗ್ ಪರೀಕ್ಷೆಯಲ್ಲಂತೂ ಮೊದಲ ಬರವಣಿಗೆಯೇ ಪತ್ರ. ಕನಿಷ್ಠ 150 ಪದ, ಅದಕ್ಕೆ ಇಪ್ಪತ್ತು ನಿಮಿಷ ಕೊಡಿ ಎಂಬ ಸಲಹೆ. ಏನೇನು ಬರೆಯಬೇಕೆಂದು ಮೂರು ಅಂಶ ಅವರೇ ಕೊಡುತ್ತಾರೆ, ವಿಳಾಸ ಬರೆಯುವುದೇ ಬೇಡ ಎಂದು ಸ್ಪಷ್ಟವಾಗಿ ಹೇಳುತ್ತಾರೆ. ವಿಳಾಸ, ತಾರೀಖು, ವಿಷಯದ ಸಾಲು ಎಲ್ಲ ತೆಗೆದ ಮೇಲೆ ಉಳಿಯುವುದು ಕೇಳಿದ್ದಕ್ಕೆ ಉತ್ತರ ಕೊಡುವ ಆ ನಡುವಿನ ಪ್ಯಾರಾಗಳು ಮಾತ್ರ.

ಪರೀಕ್ಷೆ ಮುಗಿಸಿ ಹೋದ ಮಕ್ಕಳು ನಿಜವಾದ ಅರ್ಜಿ ಕಳಿಸುವ ಮುಂಚೆ ನನಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ "ನೋಡ್ರಿ ಮೇಡಂ" ಎನ್ನುತ್ತಾರೆ. ಈಗ ಕಾಗದದ ಅರ್ಜಿ ಕಮ್ಮಿ, ಇಮೇಲ್ ಜಾಸ್ತಿ. ಅಲ್ಲಿ ಮೇಲಿನ ಸಬ್ಜೆಕ್ಟ್ ಸಾಲೇ ನಮ್ಮ ವಿಷಯದ ಸಾಲು, ಹುದ್ದೆಯ ಹೆಸರು ಅಲ್ಲಿರಬೇಕು. ಅರ್ಜಿಯನ್ನು ಇಮೇಲ್‌ನ ಒಳಗೇ ಬರೆದು, ಸ್ವವಿವರವನ್ನು ಪಿಡಿಎಫ್ ಮಾಡಿ ಲಗತ್ತಿಸಬೇಕು. ಆ ಫೈಲಿಗೆ ನಿಮ್ಮ ಹೆಸರನ್ನೇ ಇಡಿ. ಏನೂ ಬರೆಯದೆ ಬರೀ ಫೈಲು ಕಳಿಸುವುದು ಬಾಗಿಲಲ್ಲಿ ಮಾತಾಡದೆ ಚೀಟಿ ಎಸೆದು ಹೋದಂತೆ ಕಾಣುತ್ತದೆ. ಹೈಸ್ಕೂಲಿನಲ್ಲಿ ಸಿನಿಮಾ ನಟರ ಹೆಸರು ಸೇರಿಸಿ ಮಾಡಿಕೊಂಡ ಇಮೇಲ್ ವಿಳಾಸ ಬಿಟ್ಟು, ತಮ್ಮ ಹೆಸರಿನಲ್ಲೊಂದು ಹೊಸದು ಮಾಡಿಕೊಳ್ಳಲು ಹೇಳುತ್ತೇನೆ. ಪರೀಕ್ಷೆಯಲ್ಲಿ ಊಹಿಸಿದ ಪದವಿ, ಊಹಿಸಿದ ಅನುಭವ ಇಲ್ಲಿ ಖಂಡಿತ ಬೇಡ. ಇದು ನಿಜದ ಪತ್ರ, ಇಲ್ಲದ್ದನ್ನು ಬರೆದರೆ ಅದು ಮೋಸ.

ಆಗ ಎಲ್ಲರೂ ಕೇಳುವುದು ಒಂದೇ. "ಅನುಭವ ಇಲ್ಲಲ್ರಿ ಮೇಡಂ, ಏನ್ ಬರಿಯೂದು?"

ಸಂಬಳ ಬಂದರೆ ಮಾತ್ರ ಅನುಭವ ಎಂದು ಯಾರು ಹೇಳಿದರು? ಎನ್ನೆಸ್ಸೆಸ್ ಕ್ಯಾಂಪಿನಲ್ಲಿ ಅಡುಗೆ ಸಾಮಾನಿನ ಖರ್ಚು ಬರೆದಿಟ್ಟವರು ಯಾರು? ಅಮ್ಮನ ಸ್ವಸಹಾಯ ಸಂಘದ ಉಳಿತಾಯದ ಪುಸ್ತಕ ಬರೆಯುವವರು ಯಾರು? ಅಣ್ಣನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಂಜೆ ಹೊತ್ತು ಗಿರಾಕಿಗಳ ಹತ್ತಿರ ಮಾತಾಡುವವರು, ಡೇರಿಗೆ ಹಾಲು ಹಾಕಿ ಫ್ಯಾಟ್ ನೋಡಿಕೊಂಡು ವಾರದ ಲೆಕ್ಕ ಇಸಿದುಕೊಳ್ಳುವವರು, ಪಕ್ಕದ ಮನೆಯ ಮಕ್ಕಳಿಗೆ ಗಣಿತ ಹೇಳಿಕೊಡುವವರು ಎಲ್ಲರೂ ನನ್ನ ತರಗತಿಯಲ್ಲೇ ಕೂತಿರುತ್ತಾರೆ. ಯಾವ ಹುದ್ದೆಗೆ ಇದರಲ್ಲಿ ಯಾವುದು ಹೊಂದುತ್ತದೆ ಎಂದು ಆರಿಸಿ, ಯಾವಾಗಿನಿಂದ ಮಾಡುತ್ತಿದ್ದೀರಿ, ಏನು ಮಾಡುತ್ತೀರಿ ಎಂದು ಎರಡು ಸರಳ ವಾಕ್ಯದಲ್ಲಿ ಬರೆಯಿರಿ. ಮಾರಾಟದ ಕೆಲಸಕ್ಕೆ ಮೊಬೈಲ್ ಅಂಗಡಿ, ಲೆಕ್ಕದ ಕೆಲಸಕ್ಕೆ ಸಂಘದ ಪುಸ್ತಕ, ಶಾಲೆಯ ಕೆಲಸಕ್ಕೆ ಪಕ್ಕದ ಮನೆಯ ಮಕ್ಕಳು. ಆ ಎರಡು ವಾಕ್ಯದ ಇಂಗ್ಲಿಷ್ ಸರಿಯಿದೆಯೋ ಇಲ್ಲವೋ ನೋಡಲು ನಾನಿದ್ದೇನೆ, ನಿಮ್ಮೂರಿನಲ್ಲೂ ಒಬ್ಬ ಇಂಗ್ಲಿಷ್ ಮೇಷ್ಟ್ರು ಇದ್ದೇ ಇರುತ್ತಾರೆ, ಹೋಗಿ ಕೇಳಿ.